ಗ್ರಾಮಸಭೆ

ಗ್ರಾಮಸಭೆ (ನಾಮಪದ). ಸಂಸ್ಕೃತದ ‘ಗ್ರಾಮ’ ಮತ್ತು ‘ಸಭಾ’ ಸೇರಿ ಆದ ಸಮಾಸಪದ. ‘ಸಭಾ’ ಋಗ್ವೇದದಷ್ಟು ಹಳೆಯದು. ಕನ್ನಡದಲ್ಲಿ ಎಕಾರಾಂತವಾಗಿ ‘ಸಭೆ’ ಆಯಿತು. ಇಂದಿನ ಕಾನೂನಿನ ಅರ್ಥ ಬಂದದ್ದು ಸಂವಿಧಾನದ 73ನೇ ತಿದ್ದುಪಡಿಯಿಂದ: ಊರಿನ ಮತದಾರರ ಪಟ್ಟಿಯಲ್ಲಿರುವ ಎಲ್ಲರೂ ಸೇರಿದ ಕೂಟ. ಆಡುಮಾತಿನಲ್ಲಿ ಮಾತ್ರ ಅದು ಮನೆ ಮಂಜೂರಾತಿಯ ಪಟ್ಟಿ ಓದುವ ದಿನವೆಂದೇ ಉಳಿದಿದೆ.

ಗಣಿಗಾರಿಕೆಯ ಸಂದರ್ಭದಲ್ಲಿ ಈ ಪದದ ತೂಕವೇ ಬೇರೆ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಊರಿನ ವಯಸ್ಕರೆಲ್ಲರೂ ಗ್ರಾಮಸಭೆಯ ಸದಸ್ಯರು. ಕಾಡಿನ ಹಕ್ಕನ್ನು ಗುರುತಿಸುವ ಕೆಲಸ ಶುರುವಾಗುವುದೇ ಅಲ್ಲಿಂದ. ಒಡಿಶಾದ ನಿಯಮಗಿರಿ ಬೆಟ್ಟದಲ್ಲಿ ಬಾಕ್ಸೈಟ್ ತೆಗೆಯುವ ಪ್ರಶ್ನೆಯನ್ನು ಸುಪ್ರೀಂ ಕೋರ್ಟ್ 2013ರಲ್ಲಿ ಗ್ರಾಮಸಭೆಗಳ ಮುಂದಿಟ್ಟಿತು. ಅಲ್ಲಿನ ಆದಿವಾಸಿಗಳಾದ ಡೋಂಗ್ರಿಯಾ ಕೊಂಡರೂ ನೆರೆಯವರೂ ಕೂಡಿದ 12 ಸಭೆಗಳೂ ಬೇಡವೆಂದವು. ಕಂಪನಿ ಮತ್ತು ಆದಿವಾಸಿಗಳ ನಡುವಿನ ಸಂಬಂಧ ಉದಾರ ಕೊಡುಗೆಯಿಂದಲ್ಲ, ಕೇಳಿ ಪಡೆಯುವ ಒಪ್ಪಿಗೆಯಿಂದ ಆರಂಭವಾಗಬೇಕೆಂಬುದು ಅಂದು ಸ್ಪಷ್ಟವಾಯಿತು.

ಗಣಿಯ ಪ್ರಶ್ನೆ ಉತ್ತರ ಕನ್ನಡಕ್ಕೂ ಹೊಸದಲ್ಲ; ಅಲ್ಲಿ ಮ್ಯಾಂಗನೀಸ್ ಅದಿರಿದೆ. ಯಲ್ಲಾಪುರ ತಾಲ್ಲೂಕಿನ ಬಿಸಗೋಡಿನಲ್ಲಿ ಗಣಿ ನಡೆದಿತ್ತು. ಅದೇ ತಾಲ್ಲೂಕಿನ ಕಿರವತ್ತಿ ಕಡೆಯ ಕಾಡಂಚಿನಲ್ಲಿ ಸಿದ್ದಿ ಮತ್ತು ಗೌಳಿ ಸಮುದಾಯದವರು ಇದ್ದಾರೆ. ಸಿದ್ದಿಯರು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದರು, ಗೌಳಿಗರು ಸೇರಿಲ್ಲ. ಆದ್ದರಿಂದ ಒಂದೇ ಗ್ರಾಮಸಭೆಯಲ್ಲಿ ಕೂತರೂ ಕಾಡಿನ ಹಕ್ಕು ಪಡೆಯಲು ಗೌಳಿಗರು ಮಾತ್ರ 75 ವರ್ಷಗಳ ವಾಸಕ್ಕೆ ಸಾಕ್ಷ್ಯ ಒದಗಿಸಬೇಕು. ದನ ಮೇಯಿಸುತ್ತ ಬದುಕಿದವರಿಗೆ ಇದು ಕಠಿಣ, ಅನ್ಯಾಯದ ಷರತ್ತು.

ಸಂಬಂಧಿತ ಪದಗಳು: ವಾರ್ಡ್ ಸಭೆ, ಅರಣ್ಯ ಹಕ್ಕು ಸಮಿತಿ.