ತುಮಕೂರು, ಗುಬ್ಬಿ, ಕುಣಿಗಲ್: ವಲಸೆ, ಮತ ಮತ್ತು ಸಮಾಜಗಳ ಒಡನಾಟ

ಮಲೆನಾಡಿಗೂ ಬೆಂಗಳೂರಿಗೂ ನಡುವಿನ ಹಾದಿಯಲ್ಲಿರುವ ತುಮಕೂರು ಸೀಮೆಗೆ ಹೊರಗಿನವರು ಬರುವುದು ಹೊಸತಲ್ಲ. ಬಂದವರಿಗೂ ಇದ್ದವರಿಗೂ ಸಂಬಂಧ ಕುದುರಿದ್ದು ಹೆಚ್ಚಾಗಿ ಸಂತೆ, ರಂಗ ಮತ್ತು ಮಠಗಳಲ್ಲಿ. ಆಳುವವರ ಪಾಲು ಅದರ ಮುಂದೆ ಸಣ್ಣದು.

ಪ್ರಾಚೀನ ಕಾಲ: ಗುಬ್ಬಿ ತಾಲ್ಲೂಕಿನ ಕಡಬದಲ್ಲಿ ದೊರೆತ ತಾಮ್ರಪಟಗಳು ರಾಷ್ಟ್ರಕೂಟ ಮೂರನೆಯ ಗೋವಿಂದನ ಕಾಲದಲ್ಲಿ ಜೈನ ಮುನಿ ಅರ್ಕಕೀರ್ತಿಗೆ ಸಂದ ದಾನವನ್ನು ಹೇಳುತ್ತವೆ. ತುಮಕೂರಿನ ಬಳಿಯ ಕೈದಾಳ ಇನ್ನೂ ಗಮನಾರ್ಹ. ಹೊಯ್ಸಳರ ಕಾಲದ ಸಾಮಂತ ಗೂಳಿಬಾಚಿ 12ನೆಯ ಶತಮಾನದ ನಡುವೆ ಅಲ್ಲಿ ಶಿವನಿಗೆ, ವಿಷ್ಣುವಿಗೆ, ಜಿನನಿಗೆ ಗುಡಿಗಳನ್ನು ಕಟ್ಟಿಸಿದ. ಮಾಹೇಶ್ವರ, ಬೌದ್ಧ, ವೈಷ್ಣವ, ಆರ್ಹತ (ಜೈನ) ಎಂಬ ನಾಲ್ಕು ಸಮಯಗಳಿಗೂ, ಅಂದರೆ ಮತಗಳಿಗೂ, ಆತ ಆಸರೆಯಾಗಿದ್ದನೆಂದು ಅಲ್ಲಿನ ಶಾಸನ ಕೊಂಡಾಡುತ್ತದೆ. ಶಿಲ್ಪಿ ಜಕಣಾಚಾರಿಯ ಐತಿಹ್ಯಕ್ಕೆ ಹೆಸರಾದ ಕೈದಾಳ ಈ ಶಾಸನಕ್ಕೂ ಅಷ್ಟೇ ಹೆಸರಾಗಬೇಕಿತ್ತು.

ವೀರಶೈವ ಪರಂಪರೆ: ತೋಂಟದ ಸಿದ್ಧಲಿಂಗ ಯತಿಗಳು ಕುಣಿಗಲ್ ತಾಲ್ಲೂಕಿನ ಎಡೆಯೂರಿನಲ್ಲಿ ನೆಲೆನಿಂತರು, ಅವರ ಗದ್ದುಗೆಗೆ ಇಂದಿಗೂ ದೂರದೂರದ ಭಕ್ತರು ಬರುತ್ತಾರೆ. ಗುಬ್ಬಿಯ ಮಲ್ಲಣಾರ್ಯ 1513ರಲ್ಲಿ ರಚಿಸಿದ ‘ಭಾವಚಿಂತಾರತ್ನ’ದ ಕಥೆ ತಮಿಳು ಶೈವ ಮೂಲದ್ದು. ಒಂದು ಭಾಷೆಯ ಭಕ್ತಿ ಇನ್ನೊಂದಕ್ಕೆ ದಾಟಲು ರಾಜ್ಯಗಳ ಗಡಿ ಅಡ್ಡಬರಲಿಲ್ಲ.

ಸಂತೆ ಮತ್ತು ಮಿಷನ್: ಮಲೆನಾಡಿನ ನಗರ ಸೀಮೆಯ ಅಡಿಕೆ ತಮಿಳು ನಾಡಿನ ವಾಲಾಜಾಪೇಟೆಯ ಕಡೆಗೆ ಸಾಗುತ್ತಿದ್ದುದು ಗುಬ್ಬಿಯ ವರ್ತಕರ ಕೈಯಿಂದ. 1800ರಲ್ಲಿ ಇಲ್ಲಿಗೆ ಬಂದ ಬ್ರಿಟಿಷ್ ಸಮೀಕ್ಷಕ ಫ್ರಾನ್ಸಿಸ್ ಬುಕಾನನ್ ಈ ಊರಿನ ವ್ಯಾಪಾರದ ಬಗ್ಗೆ ಬರೆದಿದ್ದಾನೆ. ಸಂತೆಗೆ ಸುತ್ತಲ ಹಳ್ಳಿಗಳ ಜನ ಸೇರುವ ಈ ಊರನ್ನೇ ಕ್ರೈಸ್ತರ ವೆಸ್ಲಿಯನ್ ಮಿಷನ್ ಕೂಡ ಆರಿಸಿಕೊಂಡಿತು. ಥಾಮಸ್ ಹಾಡ್ಸನ್ 1837ರಲ್ಲಿ ಇಲ್ಲಿ ಕೆಲಸ ಆರಂಭಿಸಿದ. ಐರ್ಲೆಂಡಿನಿಂದ ಬಂದು 1839ರಿಂದ 1841ರವರೆಗೆ ಇಲ್ಲಿದ್ದ ವಿಲಿಯಂ ಆರ್ಥರ್ ಊರಿಗೆ ಮರಳಿ, 1847ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಮೈಸೂರು ಸೀಮೆಯನ್ನು ಇಂಗ್ಲಿಷ್ ಓದುಗರ ಮುಂದಿಟ್ಟ. ಮಿಷನರಿಗಳ ಉದ್ದೇಶ ಮತಪ್ರಚಾರವೇ. ಆದರೆ ಅದಕ್ಕಾಗಿ ಅವರು ಕನ್ನಡ ಕಲಿಯಬೇಕಾಯಿತು, ಶಾಲೆ ತೆರೆಯಬೇಕಾಯಿತು. ಸಂತೆಯ ಮಿತಿಯೂ ದೊಡ್ಡದು: ವ್ಯಾಪಾರಕ್ಕೆ ಒಂದಾದ ಜಾತಿಗಳು ಊಟಕ್ಕೆ ಬೇರೆಬೇರೆಯೇ ಕೂರುತ್ತಿದ್ದವು.

ರಂಗಭೂಮಿ: ಬೆಂಗಳೂರಿನಿಂದ ತುಮಕೂರಿಗೆ ರೈಲು ಬಂದ 1884ರಲ್ಲೇ ಗುಬ್ಬಿಯಲ್ಲಿ ಶ್ರೀ ಚನ್ನಬಸವೇಶ್ವರ ನಾಟಕ ಸಂಘ ಹುಟ್ಟಿತು. ಕಟ್ಟಿದವರು ಚಂದಣ್ಣ ಮತ್ತು ಅಬ್ದುಲ್ ಅಜೀಜ್ ಸಾಹೇಬರು. ಊರ ದೈವದ ಹೆಸರು ಹೊತ್ತ ಸಂಘಕ್ಕೆ ಒಬ್ಬ ಮುಸ್ಲಿಂ ಸ್ಥಾಪಕ ಇದ್ದದ್ದು ಈ ಸೀಮೆಯ ಇತಿಹಾಸದಲ್ಲಿ ಮರೆಯಬಾರದ ಸಂಗತಿ. ಬಾಲಕನಾಗಿ ಸಂಘ ಸೇರಿದ ಗುಬ್ಬಿ ವೀರಣ್ಣ (1891–1972) ಮುಂದೆ ಅದರ ಒಡೆಯರಾದರು. ಈ ನಾಟಕ ಕಂಪನಿ ತಮಿಳು, ತೆಲುಗು ನಾಡುಗಳಲ್ಲೂ ಕ್ಯಾಂಪು ಹಾಕಿತು, ಅಲ್ಲಿನ ಭಾಷೆಗಳಲ್ಲೂ ಆಡಿತು. ‘ಕುರುಕ್ಷೇತ್ರ’ಕ್ಕೆ ಆನೆ, ಕುದುರೆಗಳೇ ರಂಗಕ್ಕೆ ಬಂದವು. ತಿಂಗಳುಗಟ್ಟಲೆ ಒಂದೇ ಬಿಡಾರದಲ್ಲಿ ಬದುಕುತ್ತಿದ್ದ ನಟನಟಿಯರ ನಡುವೆ ಬೆಳೆದ ಆಪ್ತತೆ, ಪೇಟೆಯ ಲೇವಾದೇವಿಯಿಂದ ಬರುವಂಥದ್ದಲ್ಲ.

ಸೇನೆಯ ನೆರಳು: ಕುಣಿಗಲ್‌ನ ಕುದುರೆ ಫಾರಂ ಮೂಲದಲ್ಲಿ ಹೈದರ್–ಟಿಪ್ಪು ಕಾಲದ ಅಶ್ವದಳಕ್ಕೆ ಸೇರಿದ್ದು. ಅರಬ್ಬಿ ತಳಿಯ ಕುದುರೆಗಳು ಇಲ್ಲಿಗೆ ಬಂದದ್ದು ಯುದ್ಧದ ಅಗತ್ಯದಿಂದ; ಟಿಪ್ಪು ಮಡಿದ 1799ರ ಬಳಿಕ ಬ್ರಿಟಿಷರೂ ಈ ಫಾರಂ ಅನ್ನು ಬಳಸಿಕೊಂಡರು. ಸೇನೆಯ ನಂಟು ಇಂದಿಗೂ ಉಂಟು: ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರ ಫೆಬ್ರವರಿ 6ರಂದು ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು. ತುಮಕೂರಿನ ವಸಂತನರಸಾಪುರ ಕೈಗಾರಿಕಾ ಪ್ರದೇಶವೂ ಹೊರಗಿನ ದುಡಿಮೆಗಾರರನ್ನು ಕರೆತರುತ್ತಿದೆ.

ಸಿದ್ಧಗಂಗೆ: ಸಂತೆಯಲ್ಲಿ ಬಗೆಹರಿಯದೆ ಉಳಿದ ಸಹಪಂಕ್ತಿಯ, ಅಂದರೆ ಒಟ್ಟಿಗೆ ಕೂತು ಉಣ್ಣುವ, ಪ್ರಶ್ನೆಗೆ ಈ ಸೀಮೆ ಕೊಟ್ಟ ದೊಡ್ಡ ಉತ್ತರ ತುಮಕೂರಿನ ಸಿದ್ಧಗಂಗಾ ಮಠ. ಉದ್ದಾನ ಶಿವಯೋಗಿಗಳು 1917ರಲ್ಲಿ ಇಲ್ಲಿ ಸಂಸ್ಕೃತ ಪಾಠಶಾಲೆ ತೆರೆದರು. 1941ರಿಂದ ಪೀಠದಲ್ಲಿದ್ದ ಶಿವಕುಮಾರ ಸ್ವಾಮಿಗಳು (1907–2019) ಅನ್ನ, ಅಕ್ಷರ, ಆಶ್ರಯಗಳನ್ನು ಎಲ್ಲ ಜಾತಿಯ ಮಕ್ಕಳಿಗೂ ಉಚಿತವಾಗಿ ಕೊಟ್ಟರು. ಬಡ ರೈತರ ಮಕ್ಕಳೂ ಮುಸ್ಲಿಂ ಹುಡುಗರೂ ಇಲ್ಲಿ ಜೊತೆಗೆ ಓದಿದ್ದಾರೆ. ಮಠದಲ್ಲಿ ನಿತ್ಯ ದಾಸೋಹಕ್ಕೆ ಕೂರುವ ವಿದ್ಯಾರ್ಥಿಗಳ ಸಂಖ್ಯೆ ಸಾವಿರಗಳಲ್ಲಿದೆ.