ಒಂದೇ ಹೋಸ್ಟಿಂಗ್ ಖಾತೆಯಲ್ಲಿ ಹಲವು ಡೊಮೈನ್‌ಗಳು: ವಿಳಾಸ ಮರುಬರಹದ ಕ್ರಮ

ಸಂಘಕ್ಕೊಂದು ಜಾಲತಾಣ, ಅದರ ಗ್ರಂಥಾಲಯಕ್ಕೆ ಇನ್ನೊಂದು, ಮಕ್ಕಳ ಕನ್ನಡ ತರಗತಿಗೆ ಮತ್ತೊಂದು ಎಂದು ಹೆಸರುಗಳನ್ನು ನೋಂದಾಯಿಸಿ, ಎಲ್ಲವನ್ನೂ ಅಗ್ಗದ ಒಂದೇ ಶೇರ್ಡ್ ಹೋಸ್ಟಿಂಗ್ ಖಾತೆಯಲ್ಲಿ ಇರಿಸುವುದು ಹೊರನಾಡ ಸಂಸ್ಥೆಗಳಿಗೆ ಅನುಕೂಲಕರ. ಆದರೆ ಬೆಳ್ಳಿಹಬ್ಬದ ಸ್ಮರಣ ಸಂಚಿಕೆಯಲ್ಲಿ ಅಚ್ಚಾದ ವಿಳಾಸವನ್ನು ಯಾರೂ ತಿದ್ದಲಾರರು. ತಾಣದ ಹೆಸರೋ ಪುಟಗಳ ಜೋಡಣೆಯೋ ಬದಲಾದ ದಿನವೇ ಆ ವಿಳಾಸ ಓದುಗರನ್ನು ಬರಿದಾದ ಪುಟಕ್ಕೆ ಒಯ್ಯುತ್ತದೆ. ಇದನ್ನು ತಪ್ಪಿಸುವ ಸಾಧನವೇ ವಿಳಾಸ ಮರುಬರಹ, ಅಂದರೆ ಯುಆರ್‌ಎಲ್ ರಿರೈಟಿಂಗ್.

ಒಂದೇ ಸರ್ವರ್, ಒಂದೇ ಐಪಿ ಸಂಖ್ಯೆ. ಹಾಗಿದ್ದೂ ಯಾವ ತಾಣವನ್ನು ಕೇಳಲಾಗಿದೆ ಎಂಬುದು ತಿಳಿಯುವುದು ಹೇಗೆ? ಬ್ರೌಸರ್ ತನ್ನ ಕೋರಿಕೆಯೊಡನೆ 'ಹೋಸ್ಟ್' ಎಂಬ ಸಾಲಿನಲ್ಲಿ ಡೊಮೈನ್ ಹೆಸರನ್ನೂ ಕಳುಹಿಸುತ್ತದೆ. 1997ರಲ್ಲಿ ಪ್ರಕಟವಾದ ಎಚ್‌ಟಿಟಿಪಿ 1.1 ನಿಯಮಾವಳಿ ಇದನ್ನು ಕಡ್ಡಾಯಗೊಳಿಸಿತು. ಮರುಬರಹದ ನಿಯಮಗಳೆಲ್ಲ ಈ ಸಾಲನ್ನೇ ಆಧರಿಸಿವೆ. ಅಪಾಚೆ ಸರ್ವರಿನಲ್ಲಿ ಈ ಕೆಲಸ ಮಾಡುವ 'ಮಾಡ್ ರಿರೈಟ್' ಅನ್ನು 1996ರಲ್ಲಿ ಬರೆದವರು ರಾಲ್ಫ್ ಎಂಗೆಲ್‌ಶಾಲ್. ಲೈಟ್‌ಸ್ಪೀಡ್ ಸರ್ವರ್ ಇದೇ ನಿಯಮಗಳನ್ನು ಓದಬಲ್ಲದು, ಎಂಜಿನ್ಎಕ್ಸ್ ಓದದು.

ನಿಯಮಗಳನ್ನು ಬರೆಯಬೇಕಾದುದು 'ಡಾಟ್ ಎಚ್‌ಟಿಆಕ್ಸೆಸ್' ಎಂಬ ಕಡತದಲ್ಲಿ. ಇಲ್ಲಿ ನಾವು ಕನ್ನಡ ಲಿಪಿಯಲ್ಲಿ ಕೊಟ್ಟಿರುವ ಆಜ್ಞೆಗಳನ್ನು ಕಡತದಲ್ಲಿ ರೋಮನ್ ಅಕ್ಷರಗಳಲ್ಲೇ ಬರೆಯಬೇಕು. ಹಲವು ಹೋಸ್ಟಿಂಗ್ ಖಾತೆಗಳಲ್ಲಿ ಎರಡನೆಯ ಡೊಮೈನಿನ ಕಡತಕೋಶವು ಮೊದಲನೆಯದರ ಕೋಶದ ಒಳಗೇ ಇರುತ್ತದೆ. ತೊಡಕಿನ ಮೂಲ ಇದೇ. ಮೇಲಿನ ಕೋಶದ ನಿಯಮಗಳು ಒಳಗಿನ ತಾಣಕ್ಕೂ ಅನ್ವಯಿಸುತ್ತವೆ. ಸಂಘದ ಹೆಸರಿಗೆಂದು ಬರೆದ ಸಾಲು ಗ್ರಂಥಾಲಯದ ಓದುಗರನ್ನೂ ಎಳೆದೊಯ್ಯುತ್ತದೆ. ಒಳಗಿನ ಕೋಶದ ಕಡತದಲ್ಲಿ 'ರಿರೈಟ್‌ಇಂಜಿನ್ ಆನ್' ಎಂದು ಬರೆದರೆ ಮೇಲಿನ ಮರುಬರಹದ ನಿಯಮಗಳು ಅಲ್ಲಿ ನಡೆಯುವುದಿಲ್ಲ.

ಪ್ರತಿ ಡೊಮೈನಿನ ನಿಯಮಕ್ಕೂ ಮುಂಚೆ 'ರಿರೈಟ್‌ಕಾಂಡ್' ಎಂಬ ಷರತ್ತು ಬೇಕು: 'ಎಚ್‌ಟಿಟಿಪಿ ಹೋಸ್ಟ್' ಇಂಥದ್ದೇ ಆಗಿದ್ದರೆ ಮಾತ್ರ, ಎಂದು. ಹೆಸರಿನ ಮೊದಲು ಮೂರು ಡಬ್ಲ್ಯೂ ಇದ್ದರೂ ಇಲ್ಲದಿದ್ದರೂ ಒಪ್ಪುವಂತೆ ಬರೆಯಬೇಕು. ಹೆಸರಿನೊಳಗಿನ ಚುಕ್ಕಿಗಳ ಹಿಂದೆ ಹಿಂಗೆರೆ ಇರಬೇಕು. ಅನುಭವಿಗಳೂ ಎಡವುವ ತಾಣವೊಂದಿದೆ. ಷರತ್ತು ತನ್ನ ಕೆಳಗಿನ ಒಂದೇ ಒಂದು 'ರಿರೈಟ್‌ರೂಲ್' ಸಾಲಿಗೆ ಅನ್ವಯಿಸುತ್ತದೆ, ಅದರ ಮುಂದಿನದಕ್ಕಲ್ಲ. ಐದು ನಿಯಮಗಳಿದ್ದರೆ ಷರತ್ತನ್ನು ಐದು ಬಾರಿ ಬರೆಯಬೇಕು. ಇನ್ನು, ಈ ಕಡತದಲ್ಲಿ ನಿಯಮವು ಪರಿಶೀಲಿಸುವ ವಿಳಾಸದ ಮೊದಲ ಓರೆಗೆರೆಯನ್ನು ಸರ್ವರ್ ತೆಗೆದುಹಾಕಿರುತ್ತದೆ. ಓರೆಗೆರೆಯಿಂದ ಆರಂಭಿಸಿ ಬರೆದ ನಿಯಮ ಎಂದಿಗೂ ಹೊಂದುವುದಿಲ್ಲ, ದೋಷವನ್ನೂ ತೋರಿಸುವುದಿಲ್ಲ.

ಗ್ರಂಥಾಲಯದ ಹೆಸರಿಗೆ ಬಂದ ಕೋರಿಕೆಗಳನ್ನೆಲ್ಲ 'ಲೈಬ್ರರಿ' ಕೋಶಕ್ಕೆ ಕಳುಹಿಸುವ ನಿಯಮವನ್ನು ಮೇಲಿನ ಕಡತದಲ್ಲಿ ಬರೆದೆವೆನ್ನೋಣ. ಕೊನೆಯಲ್ಲಿ 'ಎಲ್' ಗುರುತಿದ್ದರೆ ಕೆಲಸ ಅಲ್ಲಿಗೇ ನಿಲ್ಲುವುದೆಂದು ಭಾವಿಸುವವರು ಬಹಳ. ನಿಲ್ಲುವುದು ಆ ಒಂದು ಸುತ್ತು ಮಾತ್ರ. ವಿಳಾಸ ಬದಲಾದೊಡನೆ ನಿಯಮಗಳು ಮೊದಲಿನಿಂದ ಮತ್ತೆ ನಡೆಯುತ್ತವೆ. ಲೈಬ್ರರಿಯೊಳಗೆ ಲೈಬ್ರರಿ, ಅದರೊಳಗೆ ಇನ್ನೊಂದು. ರೂಢಿಯ ಮಿತಿಯಾದ 10 ಸುತ್ತುಗಳನ್ನು ಮೀರಿದಾಗ ಸರ್ವರ್ 500ನೆಯ ದೋಷವನ್ನು ತೋರಿಸಿ ಕೈಬಿಡುತ್ತದೆ. ವಿಳಾಸವು ಈಗಾಗಲೇ ಆ ಕೋಶದಿಂದ ಆರಂಭವಾಗಿರಬಾರದು ಎಂಬ ಎರಡನೆಯ ಷರತ್ತೇ ಇದಕ್ಕೆ ಪರಿಹಾರ. ಅಪಾಚೆ 2.4ರಲ್ಲಿ 'ಎಂಡ್' ಗುರುತನ್ನೂ ಬಳಸಬಹುದು.

ಹಳೆಯ ಡೊಮೈನಿನಿಂದ ಹೊಸದಕ್ಕೆ ಕಳುಹಿಸುವಾಗ 301 ಎಂದರೆ ಶಾಶ್ವತ ಸ್ಥಳಾಂತರ, 302 ತಾತ್ಕಾಲಿಕ. ಸಂಖ್ಯೆ ಬರೆಯದೆ 'ಆರ್' ಎಂದಷ್ಟೇ ಬರೆದರೆ ಅದು 302. ಬ್ರೌಸರುಗಳು 301ನ್ನು ನೆನಪಿಟ್ಟುಕೊಳ್ಳುವುದರಿಂದ ಮೊದಲು 302ರಲ್ಲಿ ಪರೀಕ್ಷಿಸಿ, ಎಲ್ಲ ಸರಿಯಿದ್ದ ಮೇಲೆ ಬದಲಿಸುವುದು ಲೇಸೆಂದು ನಮ್ಮ ಅಭಿಪ್ರಾಯ. ಹಳೆಯ ಪುಟಗಳನ್ನೆಲ್ಲ ಹೊಸ ಮುಖಪುಟಕ್ಕೆ ತಳ್ಳುವುದು ಸುಲಭವಾದರೂ ಸೌಜನ್ಯವಲ್ಲ. ಓದುಗರು ಕೇಳಿದ ಲೇಖನಕ್ಕೇ ಅವರನ್ನು ಮುಟ್ಟಿಸಬೇಕು. ಸುರಕ್ಷಿತ ಸಂಪರ್ಕದಲ್ಲಿ ಬ್ರೌಸರ್ ಮೊದಲು ಪ್ರಮಾಣಪತ್ರವನ್ನು ನೋಡುತ್ತದೆ, ಮರುಬರಹ ಆಮೇಲೆ. ಆದ್ದರಿಂದ ಹಳೆಯ ಹೆಸರಿಗೂ ಪ್ರಮಾಣಪತ್ರವಿರಬೇಕು, ಅದರ ನೋಂದಣಿಯನ್ನೂ ನವೀಕರಿಸುತ್ತಿರಬೇಕು.

ಕನ್ನಡದಲ್ಲೇ ಇರುವ ವಿಳಾಸಗಳ ರೀತಿ ಬೇರೆ. 'ಸಂಘ' ಎಂಬ ಪದವನ್ನು ಬ್ರೌಸರ್ ಶೇಕಡಾ ಚಿಹ್ನೆಗಳ ರೂಪದಲ್ಲಿ ಕಳುಹಿಸಿದಾಗ ಅದು 27 ಚಿಹ್ನೆಗಳಷ್ಟು ಉದ್ದವಾಗುತ್ತದೆ. ಇಮೇಲಿನಲ್ಲಿ ಅಂಟಿಸಿದ ಕನ್ನಡದ ಕೊಂಡಿ ವಿಕಾರವಾಗಿ ಕಾಣುವುದು ಇದರಿಂದಲೇ. ಆದರೆ ನಿಯಮದೊಡನೆ ಹೋಲಿಸುವ ಮೊದಲು ಅಪಾಚೆ ಅದನ್ನು ಬಿಡಿಸುತ್ತದೆ. ಹಾಗಾಗಿ ನಿಯಮದಲ್ಲಿ ನೇರವಾಗಿ ಕನ್ನಡ ಅಕ್ಷರಗಳನ್ನೇ ಬರೆಯಬಹುದು. ಕಡತವನ್ನು ಯುಟಿಎಫ್-8ರಲ್ಲಿ, ಆರಂಭದ ಬಾಮ್ ಗುರುತಿಲ್ಲದೆ ಉಳಿಸಿದರಾಯಿತು. ಡೊಮೈನ್ ಹೆಸರೇ ಕನ್ನಡದಲ್ಲಿದ್ದು 'ಡಾಟ್ ಭಾರತ' ಎಂದು ಕೊನೆಗೊಳ್ಳುವುದಾದರೆ ಮಾತ್ರ ಈ ಅನುಕೂಲವಿಲ್ಲ. ಹೋಸ್ಟ್ ಸಾಲಿನಲ್ಲಿ ಅದು 'ಎಕ್ಸ್‌ಎನ್' ಮತ್ತು ಎರಡು ಅಡ್ಡಗೆರೆಗಳಿಂದ ಆರಂಭವಾಗುವ ರೋಮನ್ ರೂಪದಲ್ಲಿ ಬರುತ್ತದೆ. ಷರತ್ತಿನಲ್ಲಿಯೂ ಆ ರೂಪವನ್ನೇ ಬರೆಯಬೇಕು.