ಗಬ್ಬದ ಕುರಿಯ ಪರೀಕ್ಷೆ: ಕೈಸ್ಪರ್ಶದಿಂದ ಎಲಾಸ್ಟೋಗ್ರಫಿಯವರೆಗೆ

ಬ್ರಿಟಿಷರು 1809ರಲ್ಲಿ ಶ್ರೀರಂಗಪಟ್ಟಣದಿಂದ ತಮ್ಮ ಸೈನ್ಯವನ್ನು ತಂದು ಹಲಸೂರಿನ ಸಮೀಪ ನೆಲೆಗೊಳಿಸಿದ ಮೇಲೆ ಬೆಂಗಳೂರಿನ ಪೂರ್ವಭಾಗದ ಸ್ವರೂಪವೇ ಬದಲಾಯಿತು. ಜನರ ಬಾಯಲ್ಲಿ ‘ದಂಡು’ ಎಂದೇ ಉಳಿದುಬಂದ ಈ ಪ್ರದೇಶದ ಚರಿತ್ರೆಯಲ್ಲಿ ಕವಾಯತು ಮೈದಾನ, ಚರ್ಚು, ಬಂಗಲೆಗಳಿಗೆ ದೊರೆತಿರುವ ಗಮನವು ದಂಡಿನ ಹೊಟ್ಟೆ ಹೊರೆದ ಕುರಿಗಳಿಗೆ ದೊರೆತಿಲ್ಲ. ಗಬ್ಬವಾದ ಕುರಿಯನ್ನು ಗುರುತಿಸುವ ವಿದ್ಯೆ ಕೈಸ್ಪರ್ಶದಿಂದ ಆರಂಭವಾಗಿ ಎಲಾಸ್ಟೋಗ್ರಫಿಯೆಂಬ ಇಂದಿನ ತಂತ್ರದವರೆಗೆ ಬೆಳೆದ ಬಗೆಯನ್ನೂ, ಆ ಬೆಳವಣಿಗೆಗೂ ದಂಡಿಗೂ ಇರುವ ಸಂಬಂಧವನ್ನೂ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1881ರಲ್ಲಿ ಮೈಸೂರು ರಾಜ್ಯವು ಒಡೆಯರಿಗೆ ಮರಳಿದಾಗ ದಂಡು ಪ್ರದೇಶವು ‘ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್’ ಎಂಬ ಹೆಸರಿನಿಂದ ಬ್ರಿಟಿಷ್ ಆಡಳಿತದಲ್ಲೇ ಉಳಿಯಿತು. ಹಿಂದೆ ಬ್ಲಾಕ್‌ಪಲ್ಲಿ ಎನಿಸಿಕೊಂಡಿದ್ದ ಶಿವಾಜಿನಗರದಲ್ಲಿ 1927ರಲ್ಲಿ ನಿರ್ಮಾಣಗೊಂಡು 1933ರಲ್ಲಿ ಉದ್ಘಾಟನೆಯಾದ ರಸೆಲ್ ಮಾರುಕಟ್ಟೆಯು ಹಣ್ಣು ತರಕಾರಿಗಳೊಡನೆ ಮಾಂಸದ ವ್ಯಾಪಾರಕ್ಕೂ ಹೆಸರಾಯಿತು. ಮಾಂಸದ ರುಚಿಗೆ ಖ್ಯಾತವಾದ ತಳಿಯೆಂದರೆ ಮಳವಳ್ಳಿ ತಾಲ್ಲೂಕಿನ ಬಂಡೂರಿನ ಹೆಸರು ಹೊತ್ತ, ಬನ್ನೂರು ಕುರಿಯೆಂದೂ ಕರೆಯಲ್ಪಡುವ ಮಂಡ್ಯ ತಳಿ. ಇದು ಸಾಮಾನ್ಯವಾಗಿ ಒಂದು ಸೂಲಿಗೆ ಒಂದೇ ಮರಿ ಹಾಕುತ್ತದೆ. ಆದ್ದರಿಂದ ಗಬ್ಬದ ಕುರಿಯೊಂದು ತಿಳಿಯದೆ ಕತ್ತಿಗೆ ಹೋದರೆ ಸಾಕಿದವನಿಗೆ ತಾಯಿಯೊಂದಿಗೆ ಹಿಂಡಿನ ಮುಂದಿನ ವರ್ಷದ ಫಲವೂ ನಷ್ಟವಾಗುತ್ತದೆ.

ಕುರಿಯ ಗರ್ಭಾವಧಿ ಸುಮಾರು 150 ದಿನಗಳು. ಟಗರು ಹಾರಿದ ದಿನದ ಲೆಕ್ಕ, ಕೆಚ್ಚಲಿನ ತುಂಬುವಿಕೆ, ಹೊಟ್ಟೆಯ ಕೆಳಗೆ ಕೈಯಿಟ್ಟು ಮೆಲ್ಲನೆ ಎತ್ತಿದಾಗ ಬೆರಳಿಗೆ ತಗಲುವ ಮರಿಯ ಗಟ್ಟಿತನ, ಇವು ಕುರಿಗಾಹಿಗಳು ಅನುಭವದಿಂದ ಗಳಿಸಿದ ಸಾಧನಗಳು. ಆದರೆ ಕೈಗೆ ಮರಿ ನಿಶ್ಚಿತವಾಗಿ ಸಿಗುವುದು ಗರ್ಭದ ಕೊನೆಯ ತಿಂಗಳುಗಳಲ್ಲಿ ಮಾತ್ರ. ಮೊದಲ ಎರಡು ತಿಂಗಳ ಗಬ್ಬ ಕೈಗೂ ಕಣ್ಣಿಗೂ ಅಗೋಚರ.

ಈ ಅಗೋಚರವನ್ನು ಗೋಚರವಾಗಿಸಿದ್ದು ಶ್ರವಣಾತೀತ ಧ್ವನಿ. ಈ ಧ್ವನಿಯ ಅಧ್ಯಯನದಲ್ಲಿ ಬೆಂಗಳೂರಿಗೆ ಗೌರವದ ಸ್ಥಾನವಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಸಿ.ವಿ. ರಾಮನ್ ಮತ್ತು ಎನ್.ಎಸ್. ನಾಗೇಂದ್ರನಾಥ್ ಅವರು ಇಂತಹ ಧ್ವನಿಯ ಅಲೆಗಳು ಬೆಳಕನ್ನು ಚದುರಿಸುವ ಬಗೆಯನ್ನು 1935-36ರಲ್ಲಿ ಸಿದ್ಧಾಂತಗೊಳಿಸಿದರು. ಅದು ಭೌತವಿಜ್ಞಾನದ ಸಾಧನೆ. ವೈದ್ಯಕೀಯ ಬಳಕೆ ಬೇರೊಂದು ಹಾದಿಯಿಂದ ಬಂದಿತು. ಗ್ಲಾಸ್ಗೋ ನಗರದ ಇಯಾನ್ ಡೊನಾಲ್ಡ್ ಮತ್ತು ಸಂಗಡಿಗರು 1958ರಲ್ಲಿ ಪ್ರಸೂತಿಶಾಸ್ತ್ರದಲ್ಲಿ ಇದರ ಉಪಯೋಗವನ್ನು ಪ್ರಕಟಿಸಿದರು. 1966ರಲ್ಲಿ ಕುರಿಯ ಗಬ್ಬ ಪತ್ತೆಗೆ ಇದನ್ನು ಬಳಸಿದ ವರದಿ ಬಂದಿತು. 1980ರ ದಶಕದಲ್ಲಿ ಚಲಿಸುವ ಚಿತ್ರ ತೋರುವ ಯಂತ್ರಗಳು ವಿದೇಶಗಳ ಕುರಿ ಸಾಕಣೆ ಕೇಂದ್ರಗಳನ್ನು ತಲುಪಿದವು. ಇಂದು ಹೊಟ್ಟೆಯ ಮೇಲಿನಿಂದಲೇ ಸುಮಾರು 45 ದಿನಗಳ ಹೊತ್ತಿಗೆ ಗಬ್ಬವನ್ನೂ ಮರಿಗಳ ಸಂಖ್ಯೆಯನ್ನೂ ತಿಳಿಯಬಹುದು.

ಚಿತ್ರವು ಆಕಾರವನ್ನು ತಿಳಿಸಿತೇ ಹೊರತು ಕೈಗೆ ತಿಳಿಯುತ್ತಿದ್ದ ಗಟ್ಟಿತನವನ್ನು ತಿಳಿಸಲಿಲ್ಲ. ಆ ಕೊರತೆಯನ್ನು ತುಂಬಿದ್ದು, ಜೋನಾಥನ್ ಓಫಿರ್ ಮತ್ತು ಸಂಗಡಿಗರು 1991ರಲ್ಲಿ ಪ್ರಕಟಿಸಿದ ಎಲಾಸ್ಟೋಗ್ರಫಿ. ಅಂಗಾಂಶವನ್ನು ಕೊಂಚ ಒತ್ತಿ, ಒತ್ತುವ ಮೊದಲಿನ ಮತ್ತು ನಂತರದ ಪ್ರತಿಧ್ವನಿಗಳನ್ನು ಹೋಲಿಸುವುದು ಅದರ ಕ್ರಮ. ಮುಂದೆ ಧ್ವನಿಯ ತಳ್ಳುವಿಕೆಯಿಂದಲೇ ದೇಹದೊಳಗೆ ಅಡ್ಡಅಲೆಗಳನ್ನು ಎಬ್ಬಿಸಿ ಅವುಗಳ ವೇಗವನ್ನು ಅಳೆಯುವ ಕ್ರಮ ರೂಪುಗೊಂಡಿತು. ಸಾಮಾನ್ಯ ಧ್ವನಿಯು ಮೃದು ಅಂಗಾಂಶದಲ್ಲಿ ಸೆಕೆಂಡಿಗೆ ಸುಮಾರು 1540 ಮೀಟರ್ ಸಾಗಿದರೆ ಈ ಅಡ್ಡಅಲೆಗಳು ಕೆಲವೇ ಮೀಟರ್ ಸಾಗುತ್ತವೆ. ಅಂಗಾಂಶ ಗಟ್ಟಿಯಾದಷ್ಟೂ ಅಲೆ ವೇಗವಾಗುತ್ತದೆ. ವೇಗವು ಇಮ್ಮಡಿಯಾದರೆ ಲೆಕ್ಕಕ್ಕೆ ಬರುವ ಗಟ್ಟಿತನ ನಾಲ್ಕು ಮಡಿಯಾಗುತ್ತದೆ.

ಈಚಿನ ವರ್ಷಗಳಲ್ಲಿ ಬ್ರೆಜಿಲ್‌ನ ಪಶುವೈದ್ಯ ಸಂಶೋಧಕರು ಈ ತಂತ್ರದಿಂದ ಗಬ್ಬದ ಕುರಿಗಳಲ್ಲಿ ಮರಿಯ ಶ್ವಾಸಕೋಶ ಮತ್ತು ಯಕೃತ್ತಿನ ಬೆಳವಣಿಗೆಯನ್ನು ಅಭ್ಯಸಿಸಿದ್ದಾರೆ. ಶ್ವಾಸಕೋಶ ಪಕ್ವವಾಗದ ಮರಿ ಹುಟ್ಟಿದರೂ ಬದುಕುವುದು ಕಷ್ಟ. ನ್ಯೂಜಿಲೆಂಡಿನ ಲಿಗ್ಗಿನ್ಸ್ 1969ರಲ್ಲಿ ಪ್ರಕಟಿಸಿದ ಕುರಿಮರಿಗಳ ಅಧ್ಯಯನದಿಂದಲೇ ಅವಧಿಪೂರ್ವ ಶಿಶುಗಳ ಶ್ವಾಸಕೋಶಕ್ಕೆ ನೆರವಾಗುವ ಚಿಕಿತ್ಸೆ ಮೂಡಿತೆಂಬುದನ್ನು ನೆನೆದರೆ ಇದರ ಮಹತ್ವ ಸ್ಪಷ್ಟವಾಗುತ್ತದೆ. ಆದರೂ ಮರಿಯ ಚಲನೆ, ಆಳ ಮತ್ತು ಯಂತ್ರಭೇದಗಳಿಂದ ಅಳತೆ ಬದಲಾಗಬಲ್ಲದು. ತಳ್ಳುವ ಧ್ವನಿಯ ಶಕ್ತಿ ಹೆಚ್ಚಾದುದರಿಂದ ಭ್ರೂಣದ ಮೇಲೆ ಎಚ್ಚರಿಕೆಯಿಂದ ಬಳಸಬೇಕು.

ಈ ಚರಿತ್ರೆ ಪುನಃ ದಂಡಿನ ಕಡೆಗೇ ತಿರುಗುವುದು ಎರಡು ಕಾರಣಗಳಿಂದ. ಮೊದಲನೆಯದು ಯಂತ್ರ. 1990ರಲ್ಲಿ ಆರಂಭವಾದ ವಿಪ್ರೊ ಜಿಇ ಸಂಸ್ಥೆಯು ಕೆ.ಆರ್. ಪುರದ ಆಚೆ, ವೈಟ್‌ಫೀಲ್ಡ್ ಬಳಿಯ ಕಾಡುಗೋಡಿಯಲ್ಲಿ ನೆಲೆಗೊಂಡು ಸ್ಕ್ಯಾನಿಂಗ್ ಯಂತ್ರಗಳ ತಯಾರಿಕೆಗೆ ಹೆಸರಾಯಿತು. ಆದರೆ ಯಂತ್ರ ಹತ್ತಿರವಿದ್ದ ಮಾತ್ರಕ್ಕೆ ಹಟ್ಟಿಗೆ ಬರಲಾರದು. ಹೆಣ್ಣುಭ್ರೂಣಹತ್ಯೆಯನ್ನು ತಡೆಯಲು ಬಂದ 1994ರ ಕಾಯಿದೆ, ಅದರ 2003ರ ತಿದ್ದುಪಡಿ ಇಂತಹ ಯಂತ್ರಗಳ ಮಾರಾಟವನ್ನು ಬಿಗಿಗೊಳಿಸಿವೆ. ಕುರಿಯ ಹೆಸರಿನಲ್ಲಿ ಬಂದ ಯಂತ್ರ ಮನುಷ್ಯರ ಮೇಲೂ ಬಳಕೆಯಾಗಬಲ್ಲದಾದುದರಿಂದ ಈ ಬಿಗಿ ನ್ಯಾಯವಾದುದೇ.

ಎರಡನೆಯದು ವಧೆಯ ನಿಯಮ. 2001ರ ಕೇಂದ್ರ ನಿಯಮಗಳ ಪ್ರಕಾರ ಗಬ್ಬದ ಪ್ರಾಣಿಯನ್ನೂ ಮೂರು ತಿಂಗಳೊಳಗಿನ ಮರಿಯಿರುವ ತಾಯಿಯನ್ನೂ ಕಸಾಯಿಖಾನೆಯಲ್ಲಿ ಕೊಲ್ಲುವಂತಿಲ್ಲ. ಪಶುವೈದ್ಯರ ದೃಢೀಕರಣ ಅಗತ್ಯ. ಆದರೆ ಕಸಾಯಿಖಾನೆಯ ಬಾಗಿಲಿಗೆ ಬರುವ ಹೊತ್ತಿಗೆ ಕುರಿ ಸಾಕಿದವನ ಕೈಬಿಟ್ಟು ಹೋಗಿರುತ್ತದೆ. ಅಲ್ಲಿ ಗಬ್ಬ ಪತ್ತೆಯಾದರೂ ಅದನ್ನು ಮರಳಿ ಹಿಂಡಿಗೆ ಸೇರಿಸುವವರು ಯಾರು?

ಆದಕಾರಣ ಪರೀಕ್ಷೆ ನಡೆಯಬೇಕಾದ ಸ್ಥಳ ಹಟ್ಟಿ. ಕಾಲ, ಕುರಿ ಸಂತೆಗೆ ಹೊರಡುವುದಕ್ಕೆ ಮುಂಚೆ. ಅದಕ್ಕೆ ನೋಂದಾಯಿತ ಪಶುವೈದ್ಯರ ಕೈಯಲ್ಲಿರುವ ಸಾಮಾನ್ಯ ಸ್ಕ್ಯಾನಿಂಗ್ ಸಾಕು. ಮರಿಯ ಪಕ್ವತೆಯನ್ನು ಅಳೆಯುವ ಎಲಾಸ್ಟೋಗ್ರಫಿ ಸದ್ಯ ಪಶುವೈದ್ಯ ಕಾಲೇಜುಗಳ ಪ್ರಯೋಗಶಾಲೆಗೆ ಸೇರಿದ ವಿಷಯ. ಎರಡು ಶತಮಾನಗಳಿಂದ ಹಳ್ಳಿಯ ಹಿಂಡುಗಳನ್ನು ಉಂಡ ನಗರವು ತನ್ನಲ್ಲಿ ಬೆಳೆದ ಈ ವಿದ್ಯೆಯನ್ನು ಆ ಹಿಂಡುಗಳ ಬಳಿಗೆ ಕೊಂಡೊಯ್ಯುವುದು ಉಪಕಾರವಲ್ಲ, ಋಣ ತೀರಿಸುವ ಕ್ರಮ.